ಲಂಡನ್ನಿನ ಸುದ್ದಿ, ಡಬ್ಲಿನ್ನಿನ ಪರದೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಬ್ರಿಟನ್ನಿನಲ್ಲಿ ದೊಡ್ಡ ಘಟನೆ ನಡೆದಾಗ ಪಕ್ಕದ ಐರ್ಲೆಂಡಿನ ಟಿವಿ ಚಾನೆಲ್‌ಗಳು ಅದನ್ನು ಹೇಗೆ ನಿಭಾಯಿಸುತ್ತವೆ ಎಂದು ಹಲವರು ಕೇಳಿದ್ದೀರಿ. ಅವುಗಳಲ್ಲಿ ಆರು ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಐರ್ಲೆಂಡಿನ ಮನೆಗಳಲ್ಲಿ ಬಿಬಿಸಿ, ಸ್ಕೈ ನ್ಯೂಸ್ ಎರಡೂ ಸಿಗುತ್ತವಂತೆ. ಹಾಗಿದ್ದ ಮೇಲೆ ಲಂಡನ್ನಿನ ಸುದ್ದಿಯನ್ನು ಐರಿಷ್ ಚಾನೆಲ್‌ಗಳು ಮತ್ತೆ ಯಾಕೆ ತೋರಿಸಬೇಕು?

ಎಲ್ಲ ಮನೆಗಳಲ್ಲೂ ಸಿಗುವುದಿಲ್ಲ. ಕೇಬಲ್ ಅಥವಾ ಡಿಶ್ ಇದ್ದವರಿಗೆ ಸಿಗುತ್ತವೆ. ಬರೀ ಆಂಟೆನಾ ಇಟ್ಟುಕೊಂಡವರಿಗೆ ಇರುವುದು ಸೋರ್‌ವ್ಯೂ ಎಂಬ ಉಚಿತ ಡಿಜಿಟಲ್ ಸೇವೆ. ಅದರಲ್ಲಿ ಬರುವುದು ಮುಖ್ಯವಾಗಿ ಆರ್‌ಟಿಇ (ಐರ್ಲೆಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆ), ಖಾಸಗಿ ವರ್ಜಿನ್ ಮೀಡಿಯಾ, ಟಿಜಿ4 ಮುಂತಾದ ಐರಿಷ್ ಚಾನೆಲ್‌ಗಳು. ಗಡಿ ಜಿಲ್ಲೆಗಳಲ್ಲಿ ಮತ್ತು ಪೂರ್ವ ಕರಾವಳಿಯಲ್ಲಿ ಮಾತ್ರ ಆಚೆಯ ಗೋಪುರಗಳ ಸಿಗ್ನಲ್ ತಾನಾಗಿ ಹರಿದು ಬರುತ್ತದೆ. ಐರಿಷ್ ಟೆಲಿವಿಷನ್ 1961ರ ಡಿಸೆಂಬರ್ 31ರಂದು ಶುರುವಾಗುವ ಮೊದಲೇ ಆ ಭಾಗದ ಜನ ಬಿಬಿಸಿ ನೋಡುತ್ತಿದ್ದರು.

ಅದಕ್ಕಿಂತ ಮುಖ್ಯ ಕಾರಣ ಇನ್ನೊಂದಿದೆ. ಸ್ಕೈ ನ್ಯೂಸ್ ಮಾತನಾಡುವುದು ಬ್ರಿಟಿಷ್ ವೀಕ್ಷಕನ ಜೊತೆ. ಗಾಯಗೊಂಡವರಲ್ಲಿ ಐರಿಷರಿದ್ದಾರೆಯೇ, ವೇಲ್ಸ್‌ನ ಬಂದರು ಹೋಲಿಹೆಡ್‌ನಿಂದ ಹಡಗು ಹೊರಡುತ್ತದೆಯೇ, ಟೀಶಕ್, ಅಂದರೆ ಐರಿಷ್ ಪ್ರಧಾನಿ, ಏನಂದರು ಎಂಬುದೆಲ್ಲ ಅದಕ್ಕೆ ಬೇಕಿಲ್ಲ. 2016ರ ಜೂನ್ 23ರ ಬ್ರೆಕ್ಸಿಟ್ ಜನಮತವನ್ನೇ ನೋಡಿ. ಲಂಡನ್ ಸ್ಟುಡಿಯೋಗಳಿಗೆ ಅಂದು ದೊಡ್ಡ ಪ್ರಶ್ನೆ ಪ್ರಧಾನಿಯ ಕುರ್ಚಿಯದ್ದು. ಡಬ್ಲಿನ್ನಿಗೆ, ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ ಜೊತೆಗಿನ ಸುಮಾರು 500 ಕಿಲೋಮೀಟರ್ ಉದ್ದದ ಭೂಗಡಿಯದ್ದು. ದೃಶ್ಯಕ್ಕೆ ಬಿಬಿಸಿ ಸಾಕು, ಆದರೆ ‘ನಮಗೆ ಇದರಿಂದ ಏನಾಗುತ್ತದೆ’ ಎಂಬುದಕ್ಕೆ ಸಾಲದು. ಐರಿಷ್ ಸುದ್ದಿಮನೆಯ ಕೆಲಸ ಅಲ್ಲಿಂದಲೇ ಶುರು.

ಪ್ರಶ್ನೆ: ಸುದ್ದಿ ಬಂದ ಕ್ಷಣದಿಂದ ಅದು ಪರದೆಗೆ ಬರುವವರೆಗೆ ಒಳಗೆ ಏನೇನು ನಡೆಯುತ್ತದೆ?

ಮೊದಲ ಸಾಲು ಸಾಮಾನ್ಯವಾಗಿ ಬರುವುದು ಪಿಎ, ರಾಯಿಟರ್ಸ್, ಎಪಿಯಂಥ ಸುದ್ದಿಸಂಸ್ಥೆಗಳ ತಂತಿಯಲ್ಲಿ. ಡೆಸ್ಕ್‌ನಲ್ಲಿ ಕೂತವರು ಆಗ ನೋಡಬೇಕಾದ್ದು ಒಂದೇ: ಇದನ್ನು ಹೇಳಿದವರು ಯಾರು? ‘ಪೊಲೀಸರು ದೃಢಪಡಿಸಿದ್ದಾರೆ’ ಎಂಬುದಕ್ಕೂ ‘ವರದಿಗಳು ಬರುತ್ತಿವೆ’ ಎಂಬುದಕ್ಕೂ ಅಜಗಜಾಂತರ. ಅವಸರದಲ್ಲಿ ಹೆಚ್ಚಾಗಿ ತಪ್ಪುವುದು ಇಲ್ಲೇ. ಎರಡು ಬ್ರಿಟಿಷ್ ಚಾನೆಲ್‌ಗಳು ಒಂದೇ ವಿಷಯ ಹೇಳಿದವೆಂದರೆ ಎರಡು ಮೂಲ ಸಿಕ್ಕಂತಲ್ಲ. ಎರಡೂ ಅದೇ ತಂತಿಸಾಲನ್ನು ಓದುತ್ತಿದ್ದರೆ ಇರುವುದು ಒಂದೇ ಮೂಲ.

ಮುಂದಿನದು ದೃಶ್ಯ. ಬಿಬಿಸಿ ಅಥವಾ ಸ್ಕೈ ಪರದೆಯಿಂದ ನೇರವಾಗಿ ಎತ್ತಿ ಹಾಕುವಂತಿಲ್ಲ, ಅದಕ್ಕೆ ಒಪ್ಪಂದ ಬೇಕು. ಆರ್‌ಟಿಇ ಮತ್ತು ಬಿಬಿಸಿ ಎರಡೂ ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ನಿನ ಸದಸ್ಯರಾದ್ದರಿಂದ ಅದರ ಸುದ್ದಿ ವಿನಿಮಯ ಜಾಲದಲ್ಲಿ ದೃಶ್ಯ ಸಿಗುತ್ತದೆ. ಖಾಸಗಿ ಚಾನೆಲ್‌ಗಳು ಸುದ್ದಿಸಂಸ್ಥೆಗಳ ವಿಡಿಯೋ ಸೇವೆಯನ್ನು ಕೊಳ್ಳುತ್ತವೆ. ಇಕ್ಕಟ್ಟಿನ ಜಾಗಗಳಲ್ಲಿ ಒಂದೇ ಕ್ಯಾಮೆರಾ ಇಟ್ಟು ಎಲ್ಲರೂ ಹಂಚಿಕೊಳ್ಳುವ ‘ಪೂಲ್’ ಪದ್ಧತಿಯೂ ಇದೆ. ಪ್ರತಿ ತುಣುಕಿನ ಜೊತೆ ಷರತ್ತಿನ ಚೀಟಿ ಇರುತ್ತದೆ: ಎಷ್ಟು ಗಂಟೆ ಬಳಸಬಹುದು, ಯಾವ ದೇಶಕ್ಕೆ ಇಲ್ಲ, ಇಂಟರ್‌ನೆಟ್‌ನಲ್ಲಿ ಹಾಕಬಹುದೇ. ಟಿವಿಗೆ ಅನುಮತಿ ಇದ್ದು ಆನ್‌ಲೈನಿಗೆ ಇಲ್ಲದಿದ್ದರೆ, ಬುಲೆಟಿನ್ನಿನ ಅಷ್ಟು ಭಾಗವನ್ನು ಆನ್‌ಲೈನ್ ಪ್ಲೇಯರ್‌ನಲ್ಲಿ ಮುಚ್ಚಬೇಕಾಗುತ್ತದೆ. ದೃಶ್ಯ ಮಾಯವಾಗಿ ಬರೀ ಸೂಚನೆ ಕಂಡರೆ ಅದು ಸಾಮಾನ್ಯವಾಗಿ ಹಕ್ಕಿನ ತೊಡಕು, ಸೆನ್ಸಾರ್ ಅಲ್ಲ.

ಲಂಡನ್ ವರದಿಗಾರರು ಮೊದಲು ಬರುವುದು ಫೋನಿನಲ್ಲಿ, ಆಮೇಲೆ ಕ್ಯಾಮೆರಾ ಮುಂದೆ. ಕ್ಯಾಮೆರಾದ ಲೈವ್ ಸಿಗ್ನಲ್ ಈಗ ಬಹುಪಾಲು ಬೆನ್ನುಚೀಲದೊಳಗಿನ ಹಲವು ಮೊಬೈಲ್ ಸಿಮ್‌ಗಳ ಮೂಲಕ ಹೋಗುತ್ತದೆ. ಘಟನಾ ಸ್ಥಳದಲ್ಲಿ ಸಾವಿರಾರು ಜನ ಒಟ್ಟಿಗೆ ಫೋನ್ ಹಿಡಿದಾಗ ಆ ಜಾಲವೇ ಉಸಿರುಗಟ್ಟುತ್ತದೆ: ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಧ್ವನಿ ಹಿಂದೆ ಬೀಳುತ್ತದೆ. ಆಗ ಎರಡು ದಾರಿ. ಒಂದೋ ಒಂದೆರಡು ಬೀದಿ ದೂರ ಸರಿಯಬೇಕು, ಇಲ್ಲವೇ ವೆಸ್ಟ್‌ಮಿನ್‌ಸ್ಟರ್ ಪಕ್ಕದ ಮಿಲ್‌ಬ್ಯಾಂಕ್‌ನಂಥ, ಸ್ಥಿರ ತಂತಿ ಇರುವ ಸ್ಟುಡಿಯೋಗೆ ಹೋಗಬೇಕು. ಡಬ್ಲಿನ್ನಿನಿಂದ ಹೆಚ್ಚಿನ ತಂಡ ಕಳಿಸಲು ವಿಮಾನದಲ್ಲಿ ಒಂದೂಕಾಲು ಗಂಟೆ ಸಾಕು. ವಿಮಾನ ನಿಲ್ದಾಣ ಮುಚ್ಚಿದರೆ ಹೋಲಿಹೆಡ್ ಹಡಗಿಗೇ ಸುಮಾರು ಮೂರೂಕಾಲು ಗಂಟೆ, ಆಮೇಲೆ ವೇಲ್ಸ್ ದಾಟಿ ರಸ್ತೆ ಪ್ರಯಾಣ.

ಸಾವುನೋವಿನ ಸುದ್ದಿಯಾದರೆ ವಿದೇಶಾಂಗ ಇಲಾಖೆಯನ್ನು ವಿಚಾರಿಸುವ ಕೆಲಸವೂ ಇದರ ಜೊತೆಗೇ ಸಾಗುತ್ತದೆ. ಐರಿಷ್ ಪ್ರಜೆ ಸತ್ತಿದ್ದಾರೆ ಎಂದು ಖಚಿತವಾದರೂ ಮನೆಯವರಿಗೆ ತಿಳಿಯುವ ಮುನ್ನ ಹೆಸರು ಹೇಳಬಾರದು. ಸಣ್ಣ ದೇಶವಿದು. ಊರು, ವಯಸ್ಸು, ಕೆಲಸ ಇಷ್ಟು ಹೇಳಿದರೂ ಸಾಕು, ಆ ಊರಿನವರಿಗೆ ಯಾರೆಂದು ಗೊತ್ತಾಗಿಬಿಡುತ್ತದೆ. ಆದ್ದರಿಂದ ಹೆಸರಷ್ಟೇ ಅಲ್ಲ, ಆ ವಿವರಗಳನ್ನೂ ತಡೆಹಿಡಿಯಬೇಕು.

ಪ್ರಶ್ನೆ: ನಡೆಯುತ್ತಿರುವ ಕಾರ್ಯಕ್ರಮವನ್ನು ಯಾವಾಗ ಕಡಿಯುತ್ತಾರೆ?

ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾರೆ. ಪರದೆಯ ಕೆಳಗೆ ಒಂದು ಪಟ್ಟಿ, ನಂತರ ಒಂದೆರಡು ನಿಮಿಷದ ತುರ್ತು ವಾರ್ತೆ, ನಂತರ ಬುಲೆಟಿನ್ ವಿಸ್ತರಣೆ, ಕೊನೆಗೆ ಇಡೀ ವೇಳಾಪಟ್ಟಿ ತೆರವು. ನಿರಂತರ ನೇರಪ್ರಸಾರಕ್ಕೆ ಆರ್‌ಟಿಇ ನ್ಯೂಸ್ ಎಂಬ ಪ್ರತ್ಯೇಕ ಚಾನೆಲ್ ಇರುವುದರಿಂದ ಆರ್‌ಟಿಇ ಒನ್ ಅನ್ನು ಪೂರ್ತಿ ಬಿಟ್ಟುಕೊಡುವುದು ಅಪರೂಪ. ಆರ್‌ಟಿಇಗೆ ಮನೆಗಳು ವರ್ಷಕ್ಕೆ ಕೊಡುವ 160 ಯೂರೊ ಲೈಸೆನ್ಸ್ ಶುಲ್ಕದ ಜೊತೆ ಜಾಹೀರಾತಿನ ಆದಾಯವೂ ಬೇಕು. ವರ್ಜಿನ್ ಮೀಡಿಯಾ ಬದುಕಿರುವುದು ಮುಖ್ಯವಾಗಿ ಜಾಹೀರಾತಿನಿಂದ. ತೆರವಾದ ಪ್ರತಿ ಗಂಟೆಗೂ ಬೆಲೆ ಇದೆ. ವಿಮಾನ ದುರಂತದ ಸುದ್ದಿಯ ಪಕ್ಕ ವಿಮಾನ ಕಂಪನಿಯ ಜಾಹೀರಾತು ಬರದಂತೆ ನೋಡಿಕೊಳ್ಳುವುದು ಬೇರೆ ಕೆಲಸ.

ಎರಡೂ ದೇಶಗಳ ಗಡಿಯಾರ ಒಂದೇ ಸಮಯ ತೋರಿಸುವುದರಿಂದ ಅದೃಷ್ಟದ ಪಾತ್ರ ದೊಡ್ಡದು. 2022ರ ಸೆಪ್ಟೆಂಬರ್ 8ರಂದು ರಾಣಿ ಎಲಿಜಬೆತ್ ಆರೋಗ್ಯದ ಬಗ್ಗೆ ಅರಮನೆಯ ಕಳವಳದ ಹೇಳಿಕೆ ಬಂದದ್ದು ಮಧ್ಯಾಹ್ನ 12.30ರ ಹೊತ್ತಿಗೆ, ಅಂದರೆ ಆರ್‌ಟಿಇಯ ಒಂದು ಗಂಟೆಯ ವಾರ್ತೆಗೆ ಅರ್ಧ ಗಂಟೆ ಮೊದಲು. ನಿಧನದ ಘೋಷಣೆ ಬಂದದ್ದು ಸಂಜೆ 6.30ಕ್ಕೆ, ಒಂದು ಗಂಟೆ ಅವಧಿಯ ‘ಸಿಕ್ಸ್ ಒನ್’ ವಾರ್ತೆ ಪ್ರಸಾರವಾಗುತ್ತಿದ್ದಾಗಲೇ. ನಿರೂಪಕರು, ತಂತ್ರಜ್ಞರು, ವರದಿಗಾರರು ಎಲ್ಲರೂ ಜಾಗದಲ್ಲಿದ್ದರು; ಏನನ್ನೂ ಕಡಿಯಬೇಕಿರಲಿಲ್ಲ.

ಕಷ್ಟ ಇರುವುದು ರಾತ್ರಿ ಒಂಬತ್ತರ ವಾರ್ತೆ ಮುಗಿದ ಮೇಲೆ. 2017ರ ಮೇ 22ರಂದು ಮ್ಯಾಂಚೆಸ್ಟರ್ ಅರೀನಾದಲ್ಲಿ ಬಾಂಬ್ ಸಿಡಿದದ್ದು ರಾತ್ರಿ 10.31ಕ್ಕೆ. ಅಂಥ ಹೊತ್ತಿನಲ್ಲಿ ಪಾಳಿಯಲ್ಲಿರುವವರು ಕಡಿಮೆ, ಖಚಿತ ಮಾಹಿತಿಯೂ ಕಡಿಮೆ. ಬ್ರಿಟಿಷ್ ಚುನಾವಣೆಯ ಎಕ್ಸಿಟ್ ಪೋಲ್ ಕೂಡ ರಾತ್ರಿ ಹತ್ತಕ್ಕೇ ಬರುತ್ತದೆ, ಆದರೆ ಅದರ ದಿನ ಮೊದಲೇ ಗೊತ್ತಿರುವುದರಿಂದ ಜನರನ್ನು ಕೂರಿಸಿಕೊಳ್ಳಬಹುದು.

ಪ್ರಶ್ನೆ: ‘ಸಿಕ್ಸ್ ಒನ್’ ಎಂಬ ವಿಚಿತ್ರ ಹೆಸರೇಕೆ?

ಆರು ಗಂಟೆಗೆ ಸರಿಯಾಗಿ ಆರ್‌ಟಿಇ ಒನ್‌ನಲ್ಲಿ ಏಂಜೆಲಸ್ ಪ್ರಾರ್ಥನೆಯ ಗಂಟೆ ಒಂದು ನಿಮಿಷ ಬಾರಿಸುತ್ತದೆ. ವಾರ್ತೆ ಶುರುವಾಗುವುದು 6.01ಕ್ಕೆ.

ಪ್ರಶ್ನೆ: ಬ್ರಿಟಿಷ್ ಚಾನೆಲ್‌ಗಳು ವೇಳಾಪಟ್ಟಿ ಬದಲಿಸಿದರೆ ಐರಿಷ್ ಚಾನೆಲ್‌ಗಳ ಧಾರಾವಾಹಿಗಳಿಗೂ ಪೆಟ್ಟು ಬೀಳುತ್ತದೆಯೇ? ಪದಬಳಕೆಯಲ್ಲೂ ವ್ಯತ್ಯಾಸ ಇದೆಯೇ?

ಬೀಳುತ್ತದೆ. ‘ಈಸ್ಟ್‌ಎಂಡರ್ಸ್’ ಬಿಬಿಸಿ ಒನ್‌ನಲ್ಲಿ ಬರುವ ಹೊತ್ತಿಗೇ ಆರ್‌ಟಿಇ ಒನ್‌ನಲ್ಲೂ ಬರುತ್ತದೆ. ‘ಕೊರೊನೇಶನ್ ಸ್ಟ್ರೀಟ್’ ಐಟಿವಿಯ ಜೊತೆಗೇ ವರ್ಜಿನ್ ಮೀಡಿಯಾ ಒನ್‌ನಲ್ಲಿ. 2021ರ ಏಪ್ರಿಲ್ 9ರಂದು ಪ್ರಿನ್ಸ್ ಫಿಲಿಪ್ ತೀರಿಕೊಂಡಾಗ ಬಿಬಿಸಿ ತನ್ನ ವೇಳಾಪಟ್ಟಿಯನ್ನು ತೆರವು ಮಾಡಿ, ಪ್ರಸಾರ ಅತಿಯಾಯಿತು ಎಂಬ ಒಂದು ಲಕ್ಷಕ್ಕೂ ಹೆಚ್ಚು ದೂರುಗಳನ್ನು ಪಡೆಯಿತು. ಹೀಗೆ ಮೂಲ ಚಾನೆಲ್ ಕಂತನ್ನು ತಡೆಹಿಡಿದಾಗ ಐರಿಷ್ ಚಾನೆಲ್ ಅದನ್ನು ಮುಂಚೆಯೇ ತೋರಿಸಿದರೆ ಕಥೆ ಸೋರಿಹೋಗುತ್ತದೆ. ಅದಕ್ಕೇ ಬದಲಿಗೆ ಹಾಕಲು ಅಷ್ಟೇ ಅವಧಿಯ ಕಾರ್ಯಕ್ರಮವೊಂದನ್ನು ಸದಾ ಸಿದ್ಧವಾಗಿ ಇಟ್ಟುಕೊಳ್ಳುವುದು ಜಾಣತನ.

ಪದಗಳ ವಿಷಯ ಇನ್ನೂ ಸೂಕ್ಷ್ಮ. ಬಿಬಿಸಿಗೆ ‘ಪ್ರಧಾನಿ’ ಅಂದರೆ ಸಾಕು. ಡಬ್ಲಿನ್ನಿನಲ್ಲಿ ‘ಬ್ರಿಟಿಷ್ ಪ್ರಧಾನಿ’ ಎನ್ನಬೇಕು. ‘ನಮ್ಮ ರಾಣಿ’ ಎಂಬ ಧಾಟಿ ಗಣರಾಜ್ಯದ ಚಾನೆಲ್ಲಿಗೆ ಹೊಂದುವುದಿಲ್ಲ. ಬ್ರಿಟಿಷ್ ಪ್ರತಿಯನ್ನು ಹಾಗೇ ಓದಿದರೆ ‘ದೇಶವೇ ಶೋಕದಲ್ಲಿ’ ಎಂಬಂಥ ಸಾಲು ನುಸುಳುತ್ತದೆ. ಯಾವ ದೇಶ ಎಂದು ಪ್ರತಿ ಸಲ ಕೇಳಿಕೊಳ್ಳಬೇಕು.

ಪ್ರಶ್ನೆ: ಬ್ರಿಟನ್ನಿನಲ್ಲಿ ಪ್ರಸಾರವಾದದ್ದನ್ನು ಐರ್ಲೆಂಡಿನಲ್ಲಿ ಹಾಗೇ ಹೇಳಲು ಕಾನೂನಿನ ಅಡ್ಡಿ ಇದೆಯೇ?

ಇದೆ. ಮಾನಹಾನಿಯ ವಿಷಯದಲ್ಲಿ ಇಂಗ್ಲೆಂಡಿನ 2013ರ ಕಾಯ್ದೆ ‘ಗಂಭೀರ ಹಾನಿ’ಯನ್ನು ತೋರಿಸಬೇಕೆಂದು ದೂರುದಾರರಿಗೆ ಷರತ್ತು ಹಾಕಿತು. ಐರ್ಲೆಂಡಿನ 2009ರ ಕಾಯ್ದೆಯನ್ನು ಬರೆದಾಗ ಅಂಥ ಹೊಸ್ತಿಲು ಇರಲಿಲ್ಲ. ‘ಬಿಬಿಸಿ ಹೇಳಿದೆ’ ಎಂಬುದು ರಕ್ಷಾಕವಚವಲ್ಲ. ಆರೋಪವನ್ನು ಮತ್ತೊಮ್ಮೆ ಹೇಳಿದವರೂ ಹೊಣೆಗಾರರೇ. ಶಂಕಿತನ ಹೆಸರು ಲಂಡನ್ ಪರದೆಯಲ್ಲಿ ಕಂಡರೂ ಡಬ್ಲಿನ್ನಿನಲ್ಲಿ ಕಾಯುವುದುಂಟು.

ಹಿಂದೆ ಇದಕ್ಕಿಂತ ಬಿಗಿಯಾದ ಕಟ್ಟು ಇತ್ತು. 1960ರ ಪ್ರಸಾರ ಕಾಯ್ದೆಯ 31ನೇ ಕಲಮಿನಡಿ 1971ರಿಂದ 1994ರ ಜನವರಿಯವರೆಗೆ ಸರ್ಕಾರದ ಆದೇಶಗಳು ಜಾರಿಯಲ್ಲಿದ್ದವು. ಮೊದಲು ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಸಶಸ್ತ್ರ ಸಂಘಟನೆ ಐಆರ್‌ಎ, ಮುಂದೆ ಅದರ ಜೊತೆ ನಂಟಿದ್ದ ಶಿನ್ ಫೇನ್ ಪಕ್ಷದ ವಕ್ತಾರರ ಸಂದರ್ಶನವನ್ನೂ ಆರ್‌ಟಿಇ ಪ್ರಸಾರ ಮಾಡುವಂತಿರಲಿಲ್ಲ. ಐಆರ್‌ಎ ನಾಯಕನೊಬ್ಬನ ಜೊತೆ ನಡೆಸಿದ ಸಂದರ್ಶನದ ವರದಿಯನ್ನು ಪ್ರಸಾರ ಮಾಡಿದ್ದಕ್ಕೆ 1972ರ ನವೆಂಬರ್‌ನಲ್ಲಿ ಆರ್‌ಟಿಇಯ ಆಡಳಿತ ಮಂಡಳಿಯನ್ನೇ ಸರ್ಕಾರ ವಜಾ ಮಾಡಿತು. ಇಂಥ ವಕ್ತಾರರ ಧ್ವನಿಯ ಮೇಲೆ ಬ್ರಿಟನ್ ನಿಷೇಧ ತಂದದ್ದು 1988ರ ಅಕ್ಟೋಬರ್‌ನಲ್ಲಿ. ಅಲ್ಲಿ ನಟರು ಆ ಮಾತನ್ನು ತಮ್ಮ ಧ್ವನಿಯಲ್ಲಿ ಓದಬಹುದಿತ್ತು. ಐರ್ಲೆಂಡಿನಲ್ಲಿ ಅದೂ ಇಲ್ಲ. ಹೀಗಾಗಿ 1984ರ ಅಕ್ಟೋಬರ್‌ನಲ್ಲಿ ಬ್ರೈಟನ್ ಹೋಟೆಲಿನಲ್ಲಿ ಐಆರ್‌ಎ ಬಾಂಬ್ ಸಿಡಿದಂಥ ದಿನಗಳಲ್ಲಿ, ಆರ್‌ಟಿಇ ಮಾತನಾಡಿಸಲಾಗದವರನ್ನು ಪೂರ್ವ ಕರಾವಳಿಯ ಮನೆಗಳು ಆಂಟೆನಾ ತಿರುಗಿಸಿ ಬ್ರಿಟಿಷ್ ಚಾನೆಲ್‌ಗಳಲ್ಲಿ ಕೇಳಬಹುದಿತ್ತು. ಸಿಗ್ನಲ್ ತಲುಪದ ಪಶ್ಚಿಮದ ಹಳ್ಳಿಗಳಿಗೆ ಆ ಆಯ್ಕೆಯೇ ಇರಲಿಲ್ಲ.