ಕಂಪ್ಯೂಟರಿಗೆ ಮಣ್ಣಿನ ಗುಣ ಹೇಗೆ ಗೊತ್ತು?

ಪ್ರಶ್ನೆ: ಮಗ ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದಾನೆ. ಮಣ್ಣಿನ ಅಣೆಕಟ್ಟು ಭೂಕಂಪಕ್ಕೆ ತಡೆಯುತ್ತದೋ ಇಲ್ಲವೋ ಅಂತ ಕಂಪ್ಯೂಟರಿನಲ್ಲೇ ಅಲುಗಾಡಿಸಿ ನೋಡಬಹುದು ಅನ್ನುತ್ತಾನೆ. ನಮ್ಮೂರ ಕೆರೆ ಏರಿಯಲ್ಲೇ ಹತ್ತು ಮಾರಿಗೊಂದು ಥರದ ಮಣ್ಣಿದೆ. ಅದೆಲ್ಲ ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತದೆ? ಲೆಕ್ಕ ನಂಬಬಹುದಾ?
– ಓದುಗರೊಬ್ಬರು, ಹಿರಿಯೂರು

ಉತ್ತರ: ಅದಕ್ಕೆ ತಾನಾಗಿ ಏನೂ ಗೊತ್ತಾಗುವುದಿಲ್ಲ, ನಾವೇ ಹೇಳಬೇಕು. ನನ್ನ ಕೆಲಸವೇ ಇದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅಣೆಕಟ್ಟಿನ ಅಡ್ಡಸೀಳು ಚಿತ್ರ ಬರೆದು, ತಳದ ಮಣ್ಣನ್ನೂ ಸೇರಿಸಿ, ಸಣ್ಣ ಸಣ್ಣ ಚೌಕಗಳಾಗಿ ಒಡೆಯುತ್ತೇವೆ. ಪ್ರತಿ ಚೌಕದ ತೂಕ ಎಷ್ಟು, ಬಿಗಿ ಎಷ್ಟು ಅಂತ ತುಂಬಬೇಕು. ಮೊದಲು ಪದರ ಪದರವಾಗಿ ಕಟ್ಟಿ, ನೀರು ನಿಲ್ಲಿಸಿ, ಎಲ್ಲಿವರೆಗೆ ಜಿನುಗುತ್ತದೆ ನೋಡುತ್ತೇವೆ. ಆಮೇಲೆ ಎಲ್ಲೋ ನಿಜವಾಗಿ ದಾಖಲಾದ ಭೂಕಂಪವೊಂದನ್ನು ತಳಕ್ಕೆ ಕೊಟ್ಟು ಅಲುಗಾಡಿಸುವುದು.

ಇಷ್ಟೆಲ್ಲ ಯಾಕೆ ಬೇಕು ಅಂದರೆ, ಕ್ಯಾಲಿಫೋರ್ನಿಯಾದ ಲೋವರ್ ಸ್ಯಾನ್ ಫರ್ನಾಂಡೊ ಅಣೆಕಟ್ಟಿನ ಕಥೆ ಕೇಳಿ. ಹಳೆಯ ಪದ್ಧತಿಯ ಲೆಕ್ಕ ಸುಲಭ. ತೂಕದ 15 ಪರ್ಸೆಂಟ್‌ನಷ್ಟು ಬಲ ಅಣೆಕಟ್ಟನ್ನು ಒಂದೇ ಸಮ ಪಕ್ಕಕ್ಕೆ ತಳ್ಳುತ್ತಿದೆ ಅಂದುಕೊಳ್ಳುವುದು, ಜಾರುತ್ತದಾ ನೋಡುವುದು. ಆ ಲೆಕ್ಕದಲ್ಲಿ ಇದು ಪಾಸಾಗಿತ್ತು. 1971ರ ಫೆಬ್ರವರಿ 9ರ ಬೆಳಗ್ಗೆ ಭೂಮಿ ನಡುಗಿದಾಗ ನೀರಿನ ಕಡೆಯ ಇಳಿಜಾರು ತಲೆಯ ಸಮೇತ ಜಲಾಶಯದೊಳಕ್ಕೆ ಜಾರಿತು. ನೀರಿಗಿಂತ ಎತ್ತರದಲ್ಲಿ ಉಳಿದಿದ್ದು ಒಂದೂವರೆ ಮೀಟರಿನಷ್ಟು ಬಿರುಕುಬಿಟ್ಟ ಮಣ್ಣು. ಕೆಳಗಡೆಯ ಸುಮಾರು 80,000 ಜನ ಮನೆ ಬಿಟ್ಟು ಹೋಗಬೇಕಾಯಿತು.

ಅಣೆಕಟ್ಟಿನ ತಲೆಯ ಮೇಲಿದ್ದ ಉಪಕರಣದ ದಾಖಲೆ ಓದಿದವರಿಗೆ ಇನ್ನೊಂದು ವಿಷಯ ಗೊತ್ತಾಯಿತು. ದೊಡ್ಡ ಜಾರಾಟ ಆಗಿದ್ದು ಜೋರು ಅಲುಗಾಟ ನಿಂತು ಇಪ್ಪತ್ತು ಮೂವತ್ತು ಸೆಕೆಂಡ್ ಆದಮೇಲೆ! ಅಂದರೆ ಭೂಕಂಪ ತಳ್ಳಿ ಬೀಳಿಸಿದ್ದಲ್ಲ. ಹೊಳೆದಂಡೆಯ ಒದ್ದೆ ಮರಳನ್ನು ಕಾಲಲ್ಲಿ ತಟ್ಟುತ್ತಾ ನಿಂತರೆ ಅದು ಸಡಿಲಾಗಿ ಕಾಲು ಹೂತುಹೋಗುತ್ತದಲ್ವಾ, ಅದೇ ಒಳಗೆ ನಡೆದಿತ್ತು. ಆ ಅಣೆಕಟ್ಟಿನ ಬಹುಭಾಗ ಮಣ್ಣನ್ನು ನೀರಿನಲ್ಲಿ ಕಲಸಿ ಹರಿಸಿ ಕಟ್ಟಿದ್ದು. ಅಲುಗಾಟಕ್ಕೆ ಸಡಿಲ ಮರಳಿನ ಕಣಗಳ ನಡುವಿನ ನೀರಿನ ಒತ್ತಡ ಏರಿತು, ಕಣಗಳ ಹಿಡಿತ ಹೋಯಿತು. ಪಕ್ಕಕ್ಕೆ ತಳ್ಳುವ ಲೆಕ್ಕದಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಎಂಜಿನಿಯರ್ ಬೋಲ್ಟನ್ ಸೀಡ್ ಮತ್ತು ಸಂಗಡಿಗರು ಅಲುಗಾಟವನ್ನು ಕ್ಷಣಕ್ಷಣಕ್ಕೂ ಲೆಕ್ಕಹಾಕಿ, ಮಣ್ಣಿನ ಮಾದರಿಗಳನ್ನು ಲ್ಯಾಬಿನಲ್ಲಿ ಹಾಗೇ ಕುಲುಕಿ ನೋಡಿದಾಗ ವಿಷಯ ಬಿಡಿಸಿಕೊಂಡಿತು. ಹತ್ತಿರದಲ್ಲೇ ಹೊಸದಾಗಿ, ಚೆನ್ನಾಗಿ ದಮ್ಮಸು ಮಾಡಿ ಕಟ್ಟಿದ ಲಾಸ್ ಏಂಜಲೀಸ್ ಅಣೆಕಟ್ಟು 1994ರ ನಾರ್ತ್‌ರಿಜ್ ಭೂಕಂಪದಲ್ಲಿ ಕುಸಿದಿದ್ದು ಕೆಲವೇ ಸೆಂಟಿಮೀಟರ್.

ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ಕಚ್ಛ್ ಇದೆ. 2001ರ ಜನವರಿ 26ರ ಭೂಕಂಪದಲ್ಲಿ ಅಲ್ಲಿಯ ಚಾಂಗ್ ಅಣೆಕಟ್ಟು ಕುಸಿದುಹೋಯಿತು. ಜಲಾಶಯದಲ್ಲಿ ನೀರು ತುಂಬಾ ಕಡಿಮೆ ಇತ್ತು, ಆದರೆ ತಳದ ಸಡಿಲ ಮರಳುಮಣ್ಣು ತೇವವಾಗಿತ್ತು. ನೀರು ತುಂಬಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಭಯವಾಗುತ್ತದೆ.

ಹಾಗಾಗಿ ಲೆಕ್ಕ ನಂಬಬಹುದಾ ಅನ್ನುವುದು ಬೋರ್‌ಹೋಲ್ ಮೇಲೆ ನಿಂತಿದೆ. ತೂತು ಕೊರೆದು, 63.5 ಕಿಲೋ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸುತ್ತಾ, ಕೊಳವೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕು ಅಂತ ಎಣಿಸುತ್ತಾರೆ. ತೇವದ ಮರಳಿನಲ್ಲಿ ಐದಾರು ಪೆಟ್ಟಿಗೇ ಇಳಿದರೆ ನಾನು ಕಂಪ್ಯೂಟರ್ ಆನ್ ಮಾಡುವ ಮೊದಲೇ ಚಿಂತೆ ಶುರು ಮಾಡುತ್ತೇನೆ. ಸಾಫ್ಟ್‌ವೇರಿಗೆ ದುಡ್ಡು ಸುರಿದು ಎರಡೇ ತೂತು ಕೊರೆಸುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಅದೂ ಏರಿಯ ನೆತ್ತಿಯಲ್ಲಿ ಮಾತ್ರ ಕೊರೆದರೆ ಸಾಲದು, ನೀರಿನ ಕಡೆಯ ಬುಡದಲ್ಲೂ ಕೊರೆಯಬೇಕು. ನಿಮ್ಮ ಮಗ ಮುಂದಿನ ಸಲ ಬಣ್ಣಬಣ್ಣದ ಚಿತ್ರ ತೋರಿಸಿದಾಗ, ಆ ಬುಡದ ಮಣ್ಣಿನ ಅಂಕಿ ಎಲ್ಲಿಂದ ಬಂತು ಅಂತ ಕೇಳಿ.