ಬ್ರಷ್ಷಿಗೆ ಸಿಗದ ಸೀಳು: ಆರೂವರೆ ವರ್ಷದ ಹುಡುಗನ ದವಡೆ ಹಲ್ಲು

ಪಾವಗಡದ ಕಡೆಯ ಹಳ್ಳಿಯೊಂದರ ತಾಯಿ, ಒಂಬತ್ತು ವರ್ಷದ ಮಗಳು, ಆರೂವರೆ ವರ್ಷದ ಮಗ. ಗುರುತು ಹತ್ತದಂತೆ ಮನೆಯ ವಿವರಗಳನ್ನು ಬದಲಿಸಿದೆ. ಹಲ್ಲಿನ ವಿವರಗಳು ಇದ್ದಂತೆಯೇ ಇವೆ.

ಮಗಳ ಕೆಳದವಡೆಯ ಹಲ್ಲು ರಾತ್ರಿಯೆಲ್ಲ ನೋವು ಕೊಟ್ಟು ಕೊನೆಗೆ ನರದ ಚಿಕಿತ್ಸೆಯವರೆಗೆ ಹೋಗಿತ್ತು. ಅದು ಮುಗಿಯುವ ಹೊತ್ತಿಗೆ ದಂತವೈದ್ಯರು, ತಮ್ಮನ ದವಡೆ ಹಲ್ಲಿಗೆ ಈಗಲೇ ಸೀಲೆಂಟ್, ಅಂದರೆ ಹಲ್ಲಿನ ಸೀಳುಗಳನ್ನು ಮುಚ್ಚುವ ತೆಳುವಾದ ಲೇಪ, ಹಾಕಿಸಿ ಎಂದರು. ಮನೆಯಲ್ಲಿ ಮಾತು ಬೆಳೆಯಿತು. ಹಾಲುಹಲ್ಲು ಹೆಂಗೂ ಬಿದ್ದೋಗುತ್ತೆ, ಅದಕ್ಯಾಕೆ ದುಡ್ಡು ಸುರೀಬೇಕು ಎಂಬುದು ಅತ್ತೆಯ ವಾದ. ನೋವೇ ಇಲ್ಲದ ಹಲ್ಲಿಗೆ ಕೈ ಹಾಕಿಸೋದು ಬೇಡ ಎಂಬುದು ಗಂಡನದು. ಸಲಹೆಗೆಂದು ನಮ್ಮ ಬಳಿ ಬಂದ ತಾಯಿ ಕೇಳಿದ್ದು ಬೇರೆಯದೇ ಪ್ರಶ್ನೆ: "ದಿನಾ ಎರಡು ಸಲ ನಾನೇ ನಿಂತು ಉಜ್ಜಿಸ್ತೀನಿ ಮೇಡಂ. ಆದ್ರೂ ಹೆಂಗೆ ಹುಳ ಬಿತ್ತು?"

ಈ ಪ್ರಶ್ನೆಗೆ ಮೊದಲು ಉತ್ತರ ಸಿಗಬೇಕಿತ್ತು. ಮಗಳ ಹಲ್ಲು ಕೆಟ್ಟಿದ್ದು ತನ್ನ ಅಸಡ್ಡೆಯಿಂದ ಎಂದು ನಂಬಿರುವ ತಾಯಿಗೆ ಮುಂದಿನ ಯಾವ ಸಲಹೆಯೂ ಬೈಗುಳದಂತೆಯೇ ಕೇಳಿಸುತ್ತದೆ.

ದವಡೆ ಹಲ್ಲಿನ ಜಗಿಯುವ ಮೇಲ್ಮೈಯಲ್ಲಿ ಸೀಳುಗಳಿರುತ್ತವೆ. ಹಲವರಲ್ಲಿ ಅವು ಆಳವಾಗಿ ಒಳಹೋಗಿ, ಬ್ರಷ್ಷಿನ ಒಂದೇ ಒಂದು ಎಳೆಯೂ ತೂರದಷ್ಟು ಕಿರಿದಾಗಿರುತ್ತವೆ. ಗೋಡೆಯ ಬಿರುಕಿನೊಳಗಿನ ಮಣ್ಣನ್ನು ಪೊರಕೆಯಿಂದ ಗುಡಿಸಲಾಗದ ಹಾಗೆ, ಎಷ್ಟು ಉಜ್ಜಿದರೂ ಆ ತಳ ಸ್ವಚ್ಛವಾಗುವುದಿಲ್ಲ. ಸಕ್ಕರೆ, ಪಿಷ್ಟ ಅಲ್ಲಿ ಉಳಿಯುತ್ತದೆ, ಬ್ಯಾಕ್ಟೀರಿಯಾ ಅದನ್ನು ಆಮ್ಲ ಮಾಡುತ್ತದೆ, ಹಲ್ಲಿನ ಹೊರಗಿನ ಗಟ್ಟಿ ಪದರವಾದ ಎನಾಮಲ್ ಕರಗುತ್ತದೆ. ಮಕ್ಕಳ ಶಾಶ್ವತ ದವಡೆ ಹಲ್ಲುಗಳಲ್ಲಿ ಬರುವ ಹುಳುಕಿನ ಬಹುಪಾಲು ಶುರುವಾಗುವುದು ಇಲ್ಲಿಂದಲೇ. ಹಾಗಾಗಿ ಆ ತಾಯಿಗೆ ನೇರವಾಗಿ ಹೇಳಿದೆವು: ನೀವು ಉಜ್ಜಿಸಿದ್ದು ವ್ಯರ್ಥವಾಗಿಲ್ಲ, ಅದರಿಂದಲೇ ಉಳಿದ ಮೇಲ್ಮೈಗಳು ಚೆನ್ನಾಗಿವೆ. ಸೀಳಿನ ತಳ ಮಾತ್ರ ನಿಮ್ಮ ಕೈಗೆ ಸಿಗುವಂಥದ್ದಲ್ಲ.

ಅತ್ತೆಯವರ ಮಾತಿಗೆ ಕನ್ನಡಿ ಹಿಡಿದು ಉತ್ತರ ಕೊಟ್ಟೆವು. ಹುಡುಗನ ಬಾಯಿ ತೆರೆಸಿ, ಕೊನೆಯ ಹಾಲುಹಲ್ಲಿನ ಹಿಂದೆ ಇನ್ನೊಂದು ದೊಡ್ಡ ಹಲ್ಲು ಬಂದಿರುವುದನ್ನು ತಾಯಿಗೆ ತೋರಿಸಿ, ಮನೆಗೆ ಹೋಗಿ ಅತ್ತೆಗೂ ತೋರಿಸಲು ಹೇಳಿದೆವು. ಆರು-ಏಳರ ವಯಸ್ಸಿನಲ್ಲಿ ಬರುವ ಮೊದಲ ಶಾಶ್ವತ ದವಡೆ ಹಲ್ಲಿಗಾಗಿ ಯಾವ ಹಾಲುಹಲ್ಲೂ ಬೀಳುವುದಿಲ್ಲ. ಸದ್ದಿಲ್ಲದೆ ಹಿಂದೆ ಬಂದು ಕೂರುವುದರಿಂದ ಅದೂ ಹಾಲುಹಲ್ಲೇ ಎಂದುಕೊಳ್ಳುವ ಮನೆಗಳು ಬಹಳ. ಅದು ಬಿದ್ದರೆ ಇನ್ನೊಂದು ಬರುವುದಿಲ್ಲ. ಹೊಸದಾಗಿ ಬಂದ ಎನಾಮಲ್ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಹಲ್ಲು ಪೂರ್ತಿ ಮೇಲೇರಿ ಎದುರು ಹಲ್ಲಿಗೆ ತಾಗುವವರೆಗೆ ತಿಂದದ್ದು ಅದರ ಮೇಲೆ ಹಾಗೇ ಕೂತಿರುತ್ತದೆ. ಬಂದ ಮೊದಲ ವರ್ಷ-ಎರಡು ವರ್ಷವೇ ಅದಕ್ಕೆ ಹೆಚ್ಚು ಅಪಾಯದ ಕಾಲ. ನೋವು ಬರಲಿ, ಆಮೇಲೆ ನೋಡೋಣ ಎಂದು ಕಾದರೆ ಸೀಲೆಂಟಿನ ಕಾಲ ಮೀರಿ ಫಿಲ್ಲಿಂಗಿನ ಕಾಲ ಬಂದಿರುತ್ತದೆ. ಗಂಡನಿಗೆ ತಿಳಿಸಲು ಹೇಳಿದ್ದು ಇದನ್ನೇ. ಜೊತೆಗೆ, ಸೀಲೆಂಟ್ ಹಾಕಲು ಹಲ್ಲು ಕೊರೆಯುವುದಿಲ್ಲ, ಸೂಜಿಯೂ ಇಲ್ಲ.

ಎಲ್ಲ ಹಲ್ಲಿಗೂ ಒಂದೇ ತೀರ್ಮಾನ ಆಗಲಿಲ್ಲ. ಹುಡುಗನ ಕೆಳಗಿನ ಎರಡೂ ದವಡೆ ಹಲ್ಲು ಪೂರ್ತಿ ಬಂದಿದ್ದವು: ಅವಕ್ಕೆ ರೆಸಿನ್ (ಪ್ಲಾಸ್ಟಿಕ್‌ನಂಥ ಅಂಟು) ಸೀಲೆಂಟ್. ಮೇಲಿನ ಎಡದ್ದು ಅರ್ಧ ಬಂದಿತ್ತು, ಹಿಂಭಾಗದ ಮೇಲೆ ವಸಡಿನ ಪದರ ಇನ್ನೂ ಕೂತಿತ್ತು. ಅಲ್ಲಿ ಹಲ್ಲನ್ನು ಒಣಗಿಸಿಡುವುದು ಆಗದ ಮಾತು, ಒದ್ದೆ ಜಾಗದಲ್ಲಿ ರೆಸಿನ್ ಹಿಡಿಯುವುದಿಲ್ಲ. ಆದ್ದರಿಂದ ಗ್ಲಾಸ್ ಅಯೊನೊಮರ್ ಎಂಬ ಹಲ್ಲಿನ ಸಿಮೆಂಟ್ ಹಾಕಿದರು. ಅದು ತೇವವನ್ನು ಸ್ವಲ್ಪ ತಡೆದುಕೊಳ್ಳುತ್ತದೆ, ಫ್ಲೋರೈಡ್ ಬಿಡುತ್ತದೆ, ಆದರೆ ಬೇಗ ಸವೆದು ಉದುರುತ್ತದೆ. ಹಲ್ಲು ಪೂರ್ತಿ ಬಂದ ಮೇಲೆ ರೆಸಿನ್ ಹಾಕಿಸಬೇಕು. ಮೇಲಿನ ಬಲದ್ದು ಇನ್ನೂ ಹುಟ್ಟಿರಲಿಲ್ಲ. ಅಕ್ಕನ ಉಳಿದ ಮೂರು ದವಡೆ ಹಲ್ಲುಗಳಲ್ಲಿ ಎರಡರ ಸೀಳು ಕಂದುಬಣ್ಣಕ್ಕೆ ತಿರುಗಿತ್ತು, ಗುಳಿ ಬಿದ್ದಿರಲಿಲ್ಲ. ಹುಳುಕು ಒಳಗಿಟ್ಟು ಮುಚ್ಚಿದರೆ ಒಳಗೊಳಗೇ ತಿನ್ನೋದಿಲ್ವಾ ಎಂದು ತಾಯಿ ಕೇಳಿದ್ದು ಸರಿಯಾದ ಪ್ರಶ್ನೆ. ಎನಾಮಲ್ ಒಡೆಯದ ಆರಂಭದ ಹಂತದಲ್ಲಿ ಗಟ್ಟಿಯಾಗಿ ಮುಚ್ಚಿದರೆ ಬ್ಯಾಕ್ಟೀರಿಯಾಕ್ಕೆ ಆಹಾರ ಸಿಗದೆ ಹುಳುಕು ನಿಲ್ಲುತ್ತದೆ. ಗುಳಿ ಬಿದ್ದಿದ್ದರೆ ಆ ಮಾತಿಲ್ಲ. ಮೂರನೆಯದರಲ್ಲಿ ಬಿದ್ದಿತ್ತು, ಅದಕ್ಕೆ ಫಿಲ್ಲಿಂಗ್.

ಹಾಕುವ ಕ್ರಮವನ್ನು ತಾಯಿಗೆ ಹಂತಹಂತವಾಗಿ ಹೇಳಿದೆವು, ಎಲ್ಲಿ ತಪ್ಪುತ್ತದೆ ಎಂಬುದು ಗೊತ್ತಿದ್ದರೆ ಮಗುವನ್ನು ಅದಕ್ಕೆ ಸಿದ್ಧ ಮಾಡಬಹುದು ಎಂಬ ಕಾರಣಕ್ಕೆ. ಮೊದಲು ಸೀಳನ್ನು ಬ್ರಷ್ಷಿನಿಂದ ಶುಚಿ ಮಾಡುತ್ತಾರೆ. ಕೆನ್ನೆಗೂ ನಾಲಿಗೆಗೂ ಹತ್ತಿಯ ಸುರುಳಿ ಇಟ್ಟು ಜೊಲ್ಲು ಹೀರುವ ಕೊಳವೆ ಹಾಕುತ್ತಾರೆ. 35ರಿಂದ 37 ಶೇಕಡಾ ಫಾಸ್ಫಾರಿಕ್ ಆಮ್ಲದ ಜೆಲ್ ಅನ್ನು 15-30 ಸೆಕೆಂಡ್ ಬಿಟ್ಟು, ನೀರಿನಿಂದ ಚೆನ್ನಾಗಿ ತೊಳೆದು, ಗಾಳಿ ಬಿಟ್ಟು ಒಣಗಿಸುತ್ತಾರೆ. ಆಗ ಎನಾಮಲ್ ಸುಣ್ಣದ ಬಿಳುಪಿಗೆ ತಿರುಗಬೇಕು. ಆಮ್ಲದಿಂದ ಎನಾಮಲ್ಲನ್ನು ಒರಟು ಮಾಡಿ ರೆಸಿನ್ ಅಂಟಿಸುವ ಈ ಉಪಾಯವನ್ನು ಅಮೆರಿಕದ ಮೈಕಲ್ ಬೊನಕೋರ್ 1955ರಲ್ಲಿ ತೋರಿಸಿಕೊಟ್ಟರು. ಇಂದಿಗೂ ಸೀಲೆಂಟ್ ನಿಂತಿರುವುದು ಅದರ ಮೇಲೆಯೇ. ನಂತರ ತೆಳುವಾದ ಸೀಲೆಂಟನ್ನು ಗುಳ್ಳೆ ಬರದಂತೆ ಸೀಳಿಗೆ ಹರಿಯಬಿಟ್ಟು ಸುಮಾರು 20 ಸೆಕೆಂಡ್ ನೀಲಿ ಬೆಳಕು ಹಿಡಿದು ಗಟ್ಟಿ ಮಾಡುತ್ತಾರೆ. ಕಡ್ಡಿಯಿಂದ ಎಬ್ಬಿಸಿ ನೋಡುತ್ತಾರೆ. ಏಳದಿದ್ದರೆ ಹಿಡಿದಿದೆ. ಮೇಲಿನ ಅಂಟು ಪದರವನ್ನು ಒರೆಸಿ, ಕಚ್ಚಿದಾಗ ಎತ್ತರ ತಾಗುತ್ತದೆಯೇ ಎಂದು ಕಾಗದ ಇಟ್ಟು ಪರೀಕ್ಷಿಸುತ್ತಾರೆ. ಒಂದು ಹಲ್ಲಿಗೆ ಕೆಲವೇ ನಿಮಿಷದ ಕೆಲಸ.

ಕೆಡುವುದು ಬಹುತೇಕ ಒಂದೇ ಕಡೆ. ತೊಳೆದು ಒಣಗಿಸಿದ ಮೇಲೆ ಸೀಲೆಂಟ್ ಹಾಕುವ ಮುಂಚೆ ಜೊಲ್ಲು ತಾಗಿದರೆ ಒರಟಾದ ಎನಾಮಲ್ಲಿನ ರಂಧ್ರಗಳು ಮುಚ್ಚಿಹೋಗುತ್ತವೆ. ಒರೆಸಿದರೆ ಸಾಲದು, ಮತ್ತೆ ಆಮ್ಲ ಹಾಕಬೇಕು. ಒಬ್ಬರೇ ವೈದ್ಯರು ಎಲ್ಲ ಮಾಡುವುದಕ್ಕಿಂತ ಪಕ್ಕದಲ್ಲಿ ಸಹಾಯಕರಿದ್ದು ಹತ್ತಿ, ಕೊಳವೆ ಹಿಡಿದರೆ ಸೀಲೆಂಟ್ ಹೆಚ್ಚು ಕಾಲ ನಿಲ್ಲುತ್ತದೆ. ಎಲ್ಲಿ ಹಾಕಿಸಿದರೂ ಸಹಾಯಕರು ಇರುತ್ತಾರೆಯೇ ಎಂದು ಕೇಳಿಯೇ ದಿನ ಗೊತ್ತು ಮಾಡಿ ಎಂದೆವು.

ಹುಡುಗನಿಗೆ ಮನೆಯಲ್ಲಿ ಅಭ್ಯಾಸ ಮಾಡಿಸಲು ಹೇಳಿದ್ದು ಇಷ್ಟು: ಬಾಯಿ ತೆರೆದು, ಮೂಗಿನಲ್ಲಿ ಉಸಿರಾಡುತ್ತಾ, ನಾಲಿಗೆ ಅಲುಗಿಸದೆ ಅರವತ್ತು ಎಣಿಸುವವರೆಗೆ ಇರುವುದು. "ಸೂಜಿ ಚುಚ್ಚಲ್ಲ" ಎಂದು ಹೇಳಬೇಡಿ, ಸೂಜಿಯ ನೆನಪೇ ಇಲ್ಲದ ಮಗುವಿಗೂ ಅದರಿಂದ ಭಯ ಹುಟ್ಟುತ್ತದೆ. ಸ್ವಲ್ಪ ಹುಳಿ ರುಚಿ ಬರುತ್ತೆ, ತಣ್ಣನೆ ಗಾಳಿ ಬರುತ್ತೆ, ನೀಲಿ ಲೈಟ್ ಹಾಕ್ತಾರೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ.

ನೀರಿನ ವಿಷಯ. ನಮ್ಮೂರ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಅಂತಾರೆ, ಹಂಗಾದ್ರೆ ಹಲ್ಲು ಗಟ್ಟಿ ಇರಬೇಕಲ್ವಾ ಎಂದು ತಾಯಿ ಕೇಳಿದರು. ಮಗಳ ಮುಂದಿನ ಹಲ್ಲುಗಳಲ್ಲಿ ಬಿಳಿ ಗೆರೆ, ಅಲ್ಲಲ್ಲಿ ಕಂದು ಕಲೆ ಇತ್ತು. ಫ್ಲೋರೈಡ್ ನಯವಾದ ಮೇಲ್ಮೈಗಳನ್ನು ಚೆನ್ನಾಗಿ ಕಾಯುತ್ತದೆ, ಸೀಳುಗಳನ್ನು ಅಷ್ಟಾಗಿ ಕಾಯುವುದಿಲ್ಲ. ಮಿತಿ ಮೀರಿದರೆ, ಅಂದರೆ ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ, ಬೆಳೆಯುವ ಎನಾಮಲ್ಲನ್ನೇ ಕೆಡಿಸುತ್ತದೆ, ಇಂಥ ಗೆರೆ, ಕಲೆ ಅದರ ಗುರುತು. ಕುಡಿಯಲು, ಅಡುಗೆಗೆ ಎರಡಕ್ಕೂ ಊರಿನ ಶುದ್ಧ ನೀರಿನ ಘಟಕದ ನೀರನ್ನೇ ಬಳಸಬೇಕು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಇನ್ನೊಂದು ಮುಖ್ಯ ಮಾತು: ಇಂಥ ಎನಾಮಲ್ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ, ಜೆಲ್ ಹೆಚ್ಚು ಹೊತ್ತು ಬಿಡಬೇಕಾಗಬಹುದು. ಊರಿನ ನೀರಿನ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಲು ಸೂಚಿಸಿದೆವು.

ಸೀಲೆಂಟ್ ಹಾಕಿಸಿದ ಮೂರನೇ ತಿಂಗಳಿಗೆ ಹುಡುಗನ ಕೆಳಗಿನ ಬಲ ಹಲ್ಲಿನ ಹಿಂದಿನ ಸೀಳಿನಲ್ಲಿ ಒಂದು ಚೂರು ಉದುರಿತ್ತು. ಆ ಹಲ್ಲಿಗೆ ಹಾಕುವಾಗ ಅವನು ಬಾಯಿ ಮುಚ್ಚಿದ್ದ. ದುಡ್ಡೆಲ್ಲ ನೀರುಪಾಲಾಯ್ತು ಎಂದು ಮನೆಯಲ್ಲಿ ಮತ್ತೆ ಮಾತು. ಉದುರಿದ ಜಾಗಕ್ಕಷ್ಟೇ ಮತ್ತೆ ಹಾಕಿದರು, ಹತ್ತು ನಿಮಿಷವೂ ಹಿಡಿಯಲಿಲ್ಲ. ಉದುರಿದ ಮಾತ್ರಕ್ಕೆ ಹಲ್ಲಿನ ಸ್ಥಿತಿ ಸೀಲೆಂಟೇ ಹಾಕದ ಹಲ್ಲಿಗಿಂತ ಕೆಟ್ಟದಾಗುವುದಿಲ್ಲ, ಆದರೆ ಕಾವಲು ತಪ್ಪುತ್ತದೆ. ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಲೆಕ್ಕದಂತೆ ಸೀಲೆಂಟ್ ಎರಡು ವರ್ಷದವರೆಗೆ ದವಡೆ ಹಲ್ಲಿನ ಹುಳುಕಿನ ಶೇ. 80ರಷ್ಟನ್ನು ತಡೆಯುತ್ತದೆ, ನಾಲ್ಕು ವರ್ಷದವರೆಗೆ ಶೇ. 50ರಷ್ಟನ್ನು. ಆರು ತಿಂಗಳಿಗೊಮ್ಮೆ ತೋರಿಸಿ, ಉದುರಿದ್ದನ್ನು ಹಾಕಿಸುತ್ತಾ ಹೋದರೆ ಇನ್ನೂ ಹೆಚ್ಚು ಕಾಲ ಕಾಯುತ್ತದೆ. ಹಾಕಿಸಿ ಮರೆತುಬಿಡುವುದೇ ನಾವು ಹೆಚ್ಚಾಗಿ ಕಾಣುವ ನಷ್ಟ.

ಸೀಲೆಂಟ್ ಸೀಳನ್ನು ಮಾತ್ರ ಕಾಯುತ್ತದೆ, ಹಲ್ಲು-ಹಲ್ಲಿನ ನಡುವಿನ ಜಾಗವನ್ನಲ್ಲ. ಮನೆಯಲ್ಲಿ ಅಜ್ಜಿ ಬಳಸುವ ಹಲ್ಲುಪುಡಿಯನ್ನು ಮಕ್ಕಳಿಗೆ ನಿಲ್ಲಿಸಲು ಹೇಳಿದೆವು: ಸವೆತ ಹೆಚ್ಚು, ಹಲವುಗಳಲ್ಲಿ ಫ್ಲೋರೈಡ್ ಇರುವುದಿಲ್ಲ. ಫ್ಲೋರೈಡ್ ಇರುವ ಪೇಸ್ಟು ಬಟಾಣಿ ಕಾಳಿನಷ್ಟು. ಉಗುಳಬೇಕು, ಆಮೇಲೆ ನೀರು ಹಾಕಿ ಮುಕ್ಕಳಿಸುವುದು ಬೇಡ. ಅರ್ಧ ಬಂದ ಹಲ್ಲು ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುವುದರಿಂದ ಬ್ರಷ್ ಅದರ ಮೇಲೆ ಹಾರಿಹೋಗುತ್ತದೆ. ಬ್ರಷ್ಷನ್ನು ಕೆನ್ನೆಯ ಕಡೆಯಿಂದ ಅಡ್ಡ ತಿರುಗಿಸಿ ಆ ಒಂದು ಹಲ್ಲನ್ನು ಬೇರೆಯಾಗಿ ಉಜ್ಜಬೇಕು. ಎಂಟು ವರ್ಷದವರೆಗೆ ರಾತ್ರಿಯ ಉಜ್ಜುವಿಕೆ ತಾಯಿಯ ಕೈಯಲ್ಲೇ ಇರಲಿ. ಶಾಲೆಯಿಂದ ಬಂದ ಮೇಲೆ ಟೀಗೆ ಅದ್ದಿದ ಬಿಸ್ಕತ್ತು, ನಡುನಡುವೆ ಚಿಕ್ಕಿ, ಮಲಗುವ ಮುಂಚೆ ಸಕ್ಕರೆ ಹಾಲು ಇತ್ತು. ಸಿಹಿಯನ್ನು ಪೂರ್ತಿ ಬಿಡಿಸಲು ಹೋಗಲಿಲ್ಲ. ಊಟದ ಜೊತೆಗೇ ಕೊಡಿ, ನಡುವೆ ಕಡಲೆಕಾಯಿ, ಸೌತೆಕಾಯಿ ಕೊಡಿ, ರಾತ್ರಿ ಹಲ್ಲು ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬೇಡ ಎಂದೆವು.

ಖರ್ಚಿಗೆ, ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ಸೀಲೆಂಟ್ ಲಭ್ಯವಿದೆಯೇ ಎಂದು ಮೊದಲು ವಿಚಾರಿಸಿ, ಇಲ್ಲದಿದ್ದರೆ ದಂತ ಕಾಲೇಜಿನ ಮಕ್ಕಳ ವಿಭಾಗಕ್ಕೆ ಹೋಗಲು, ಒಂದು ಹಲ್ಲಿಗೆ ಎಷ್ಟು ಎಂದು ಮುಂಚೆಯೇ ಕೇಳಲು ಹೇಳಿದೆವು. ಹುಡುಗನ ಮೇಲಿನ ಬಲ ಹಲ್ಲನ್ನು ತಿಂಗಳಿಗೊಮ್ಮೆ ಮನೆಯಲ್ಲೇ ಬೆಳಕು ಬಿಟ್ಟು ನೋಡಬೇಕು, ಬಿಳಿ ತುದಿ ಕಂಡರೆ ಕರೆತರಬೇಕು. ಮಗಳಿಗೆ 11ರಿಂದ 13ರೊಳಗೆ ಎರಡನೇ ದವಡೆ ಹಲ್ಲುಗಳು ಬರುತ್ತವೆ, ಅವಕ್ಕೂ ಇದೇ ಲೆಕ್ಕ. ಅವಳ ಹನ್ನೊಂದನೇ ಹುಟ್ಟುಹಬ್ಬದ ತಿಂಗಳನ್ನೇ ತಾಯಿ ಕಾರ್ಡಿನ ಮೇಲೆ ಬರೆಸಿಕೊಂಡರು.