ಅಮ್ಮನ ನೀ ಕ್ಯಾಪ್ ಜಾರುತ್ತಿದ್ದರೆ

ನಡೆಯುವಾಗ ನೀ ಕ್ಯಾಪ್ (ಮಂಡಿಗೆ ಹಾಕುವ ಬಿಗಿ ಪಟ್ಟಿ) ಜಾರಿ, ಮಂಡಿಯ ಹಿಂದೆ ಸುರುಳಿ ಸುತ್ತಿ ಅಮ್ಮನಿಗೆ ಕೆಂಪು ಗೆರೆ ಬೀಳುತ್ತಿರುವುದು ಬಹುಶಃ ಸೈಜ್ ತಪ್ಪಿರುವುದರಿಂದ. ಸುಮ್ನೆ ಅಂದಾಜಿನಲ್ಲಿ ಇನ್ನೊಂದು ತರಬೇಡಿ. ಬೆಳಿಗ್ಗೆ, ಊತ ಕಮ್ಮಿ ಇರುವಾಗ ಟೇಪು ಹಿಡಿದು ಅಳೆಯಿರಿ. ಕೆಲವು ಕಂಪನಿಗಳು ಮಂಡಿಯ ಸುತ್ತಳತೆ ಕೇಳುತ್ತವೆ, ಕೆಲವು ತೊಡೆಯದ್ದು. ಡಬ್ಬಿಯ ಮೇಲಿನ ಚಿತ್ರ ನೋಡಿಕೊಳ್ಳಿ. ಬೆರಳು ನೋಯುವವರಿಗೆ ಎಳೆದು ಹಾಕುವಂಥದ್ದು ಕಷ್ಟ ಅಲ್ವಾ, ವೆಲ್ಕ್ರೋ ಇರುವುದೇ ಮೇಲು. ಕೂರಿಸಿ, ಕಾಲು ಸ್ವಲ್ಪ ಮಡಚಿ ಹಾಕಿ. ಅರ್ಧ ಗಂಟೆ ಬಿಟ್ಟು ಕಾಲ್ಬೆರಳು ಮುಟ್ಟಿ ನೋಡಿ. ತಣ್ಣಗಾಗಿದ್ದರೆ, ಜೋಮು ಹಿಡಿದಿದ್ದರೆ ಕೂಡಲೇ ಬಿಚ್ಚಿ. ಮಲಗುವಾಗ ಬೇಡ. ಸಕ್ಕರೆ ಕಾಯಿಲೆ, ರಕ್ತನಾಳದ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಏನೂ ಹಾಕದೆ ಅವತ್ತೇ ತೋರಿಸಿ.